ಸುಮ್ಮನಿರುವ ಉದ್ಯೋಗ

ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಂಬಳ ಪಡೆದವರು ನಮ್ಮ ವಂಶದಲ್ಲಿ ಒಬ್ಬರೇ: ನನ್ನ ಸೋದರತ್ತೆ. ಅವರ ಬಾಯಿಯ ಪರಿಚಯವಿದ್ದ ಯಾರು ತಾನೇ ಇದನ್ನು ನಂಬುತ್ತಾರೆ? ಸಾಕ್ಷ್ಯವಿಲ್ಲದೆ ನಾನೂ ಏನನ್ನೂ ನಂಬುವವನಲ್ಲ. ಆದರೆ ಬರ್ಮಿಂಗ್‌ಹ್ಯಾಮಿನ ಮ್ಯೂಸಿಯಮ್ಮೊಂದರ ಮೂಲೆಯ ಕುರ್ಚಿಯಲ್ಲಿ ಅವರು ಹನ್ನೊಂದು ವರ್ಷ ಕಾವಲು ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಯಾರಾದರೂ ಕೇಳಿದರೆ ಶೌಚಾಲಯದ ದಾರಿ ತೋರಿಸಬಹುದು, ಕೈಚಾಚಿದರೆ ಮುಟ್ಟಬೇಡಿ ಅನ್ನಬಹುದು, ಅಷ್ಟೇ ಅಪ್ಪಣೆ. ಉಳಿದ ಮಾತೆಲ್ಲ ಹಾರ್ಬೋರ್ನಿನ ಮನೆಗೆ ಬಂದು ನಮ್ಮ ಮೇಲೆ ಸುರಿಯುತ್ತಿತ್ತು.

ಅಭ್ಯಾಸ ಎಷ್ಟು ಅಂಟಿತ್ತೆಂದರೆ, ಟಿವಿಡೇಲಿನ ಗುಡಿಯಲ್ಲಿ ದೇವರಿಗೆ ಹಾರ ಹಾಕಲು ಹೊರಟ ಅರ್ಚಕರಿಗೇ ಅತ್ತೆ "ಪ್ಲೀಸ್, ಡೋಂಟ್ ಟಚ್" ಅಂದುಬಿಟ್ಟರು. ಪಾಪ, ಅರ್ಚಕರು ಒಂದು ಹೆಜ್ಜೆ ಹಿಂದೆ ಸರಿದರು.

ಹೋದ ವರ್ಷ ಮ್ಯೂಸಿಯಮ್ಮಿನವರು ಕುರ್ಚಿ ತೆಗೆದು ಕ್ಯಾಮೆರಾ ಹಾಕಿದರು. ಇನ್ನು ಕಾವಲಿನವರು ಬೇಡ, ಬಂದವರೊಂದಿಗೆ ಮಾತಾಡುವವರು ಬೇಕು. ಹಳಬರು ತಮ್ಮದೇ ಕೆಲಸಕ್ಕೆ ಹೊಸದಾಗಿ ಅರ್ಜಿ ಹಾಕಿ, ಗ್ಯಾಲರಿಯಲ್ಲಿ ಹತ್ತು ನಿಮಿಷ ಮಾತಾಡಿ ತೋರಿಸಬೇಕು. ತಪ್ಪಿದರೆ ಮನೆಗೆ.

"ಯುರೋಪಿನ ತುಂಬ ಇದೇ ಕಥೆ ಅತ್ತೆ. ಇವತ್ತು ಮಾತಾಡಿ ಅಂತಾರೆ, ನಾಳೆ ಆ ಮಾತನ್ನೂ ಫೋನಿಗೆ ತುಂಬ್ತಾರೆ," ಎಂದು ವಾದ ಹೂಡಿದೆ.

"ನಾಳೇದು ನಾಳೆ. ನಿನ್ನ ಡಿಬೇಟ್ ಕಪ್‌ಗಳ ಧೂಳು ಒರೆಸೋಳು ನಾನು. ಒಂದು ಸಲನಾದ್ರೂ ಉಪಯೋಗಕ್ಕೆ ಬಾ."

ಭಾಷಣ ಬರೆದುಕೊಟ್ಟೆ. ತಾಲೀಮಿನಲ್ಲಿ "ನಿಮ್ಮ ದೌರ್ಬಲ್ಯ ಏನು?" ಎಂದರೆ "ಎಡಗಡೆ ಮಂಡಿ" ಅಂದರು.

"ಅದನ್ನ ಹೇಳಬಾರದು ಅತ್ತೆ."

"ಮತ್ತೆ ಸುಳ್ಳು ಹೇಳ್ಲಾ? ಎಕ್ಸ್‌ರೇ ನೋಡಿದ ಡಾಕ್ಟರು ನಿಮ್ಮ ಮಾವಾನೇ."

ಸಂದರ್ಶನದ ದಿನ ನಾನೂ ನೋಡುಗನಂತೆ ಗ್ಯಾಲರಿಗೆ ನುಸುಳಿದೆ. ಮೂವರು ಅಧಿಕಾರಿಗಳು ಪ್ಯಾಡು ಹಿಡಿದು ನಿಂತಿದ್ದರು. ಅತ್ತೆ ನನ್ನ ಭಾಷಣದ ಒಂದಕ್ಷರವನ್ನೂ ಆಡಲಿಲ್ಲ. ಪೆನ್ನಿನ ನಿಬ್ಬು ಒತ್ತುವ ಹಳೆಯ ಯಂತ್ರವನ್ನೇ ನೋಡುತ್ತಿದ್ದ ಬಿಳಿಯ ಅಜ್ಜಿಯೊಬ್ಬರ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದರು: ಇದರಲ್ಲಿ ಕೆಲಸ ಮಾಡಿದ್ದು ನೀವಾ, ನಿಮ್ಮ ಮನೆಯವರಾ?

"ನಮ್ಮಮ್ಮ," ಎಂದರು ಅಜ್ಜಿ.

ಆಮೇಲೆ ಹತ್ತು ನಿಮಿಷವೂ ಅಜ್ಜಿಯದೇ ಮಾತು. ಅಮ್ಮನ ಬೆರಳಿನ ಗಾಯ, ಎಷ್ಟು ತೊಳೆದರೂ ಹೋಗದ ಎಣ್ಣೆಯ ವಾಸನೆ. ಅತ್ತೆ ಹೂಂಗುಟ್ಟಿದ್ದು ಬಿಟ್ಟರೆ ಇನ್ನೇನೂ ಇಲ್ಲ. ಚರ್ಚಾಸ್ಪರ್ಧೆಯಾಗಿದ್ದರೆ ಸೊನ್ನೆ ಅಂಕ. ಆದರೆ ಸುತ್ತ ಜನ ಸೇರಿದ್ದರು. ಅಧಿಕಾರಿಗಳು ಬರೆಯುವುದನ್ನೇ ಮರೆತಿದ್ದರು.

ಕೆಲಸ ಉಳಿಯಿತು ಎಂಬ ಪತ್ರ ಬಂದ ದಿನ ಕೇಳಿದೆ: "ಅಷ್ಟು ಜನರಲ್ಲಿ ಅವರನ್ನೇ ಮಾತಾಡಿಸಬೇಕು ಅಂತ ಹೇಗೆ ಹೊಳೀತು?"

"ಪ್ರತಿ ಗುರುವಾರ ಬರ್ತಾರೆ ಕಣೋ. ಬೇರೇನೂ ನೋಡಲ್ಲ, ಆ ಮಷೀನ್ ಮುಂದೆ ನಿಂತು ಕಣ್ಣೊರೆಸ್ಕೊಂಡು ಹೋಗ್ತಾರೆ. ಕೆಲಸ ಹೋದ್ರೆ ಯಾಕೆ ಅಳ್ತೀರಿ ಅಂತ ಅವರನ್ನ ಕೇಳೋಕೇ ಆಗಲ್ವಲ್ಲ ಅನ್ನಿಸ್ತು. ಅದಕ್ಕೇ ನನ್ನ ಇಂಟರ್ವ್ಯೂ ಗುರುವಾರ ಇಡಿ ಅಂತ ಕೇಳ್ಕೊಂಡೆ."