ವಿಲ್ಮಾ ಆಂಟಿಯ ಚಿಟಿಕೆ ಉಪ್ಪು

ಸಂಡಿಗೆ ಹಿಟ್ಟು ಕಂಡ ಮೇಲೆ ಬಿಸಿಲಿಗಿಡದೆ ಸುಮ್ಮನಿರುವುದು ಕಲ್ಯಾಣಪುರದ ವಿಲ್ಮಾ ಆಂಟಿಯ ಜಾಯಮಾನವಲ್ಲ. ಪಕ್ಕದ ಮನೆಯ ಜೋಯ್‌ಸ್ಟನ್ ಹಿತ್ತಲ ಜಗಲಿಯಲ್ಲಿ ಎರಡು ಗಾಜಿನ ತಟ್ಟೆ ಮುಚ್ಚಿಟ್ಟಿದ್ದ. ಒಳಗೆ ಬೆಳ್ಳಗೆ ಏನೋ ಅರೆಬರೆ ಆರಿತ್ತು. ಅದು ಸಂಡಿಗೆಯಲ್ಲ, ಅವನ ಪಿಎಚ್‌ಡಿ ಎಂದು ಆಂಟಿಗೆ ಯಾರೂ ಹೇಳಿರಲಿಲ್ಲ.

ಅದರಲ್ಲಿದ್ದದ್ದು ಕೂದಲಿನ ದಪ್ಪದಲ್ಲಿ ಮುನ್ನೂರು ಹಿಡಿಸುವಷ್ಟು ಸಣ್ಣ ನ್ಯಾನೋ ಕಣಗಳು. ನೀರು ನಿಧಾನವಾಗಿ ಆರಿದರೆ ಅವು ಮಠದ ಊಟದ ಪಂಕ್ತಿಯಂತೆ ಸಾಲಾಗಿ ಕೂರುತ್ತವೆ. ಪದರವನ್ನು ಓರೆ ಮಾಡಿದಂತೆಲ್ಲ ಬಣ್ಣ ಬದಲಾಗುತ್ತದೆ. ಆರುವಾಗ ತಟ್ಟೆ ಅಲುಗಿದರೆ ಸಾಲು ಕೆಡುತ್ತದೆ. ಮಣಿಪಾಲದ ಲ್ಯಾಬಿನ ಪಕ್ಕ ಬಂಡೆ ಒಡೆಯುತ್ತಿದ್ದರು, ಹಾಗಾಗಿ ತಟ್ಟೆಗಳು ಮನೆಗೆ ಬಂದಿದ್ದವು. ಒಂದು ಬಂದರೆ ಅದೃಷ್ಟ, ಒಂದೇ ತರಹದ್ದು ಎರಡು ಬಂದರೆ ಸಂಶೋಧನೆ ಎನ್ನುವುದು ಗೈಡ್ ಹರಿಣಾಕ್ಷಿ ಮೇಡಂ ಅವರ ಕಾನೂನು. ಇವತ್ತು ಸಂಜೆಯೊಳಗೆ ಎರಡು ತೋರಿಸದಿದ್ದರೆ ಪಿಎಚ್‌ಡಿ ಇನ್ನೊಂದು ವರ್ಷ ಮುಂದಕ್ಕೆ.

ಬೆಳಿಗ್ಗೆ ಅವನು ಮೀನು ತಂದು ನೋಡುವಾಗ ಒಂದು ತಟ್ಟೆ ಆಂಟಿಯ ಅಂಗಳದಲ್ಲಿ, ಹಲಸಿನ ಹಪ್ಪಳದ ಪಕ್ಕ ಬಿಸಿಲು ಕಾಯುತ್ತಿತ್ತು. ಬಚ್ಚಲೊಲೆಯ ಮಸಿ ಬೇರೆ ಬಿದ್ದಿತ್ತು.

"ನೀನು ಉಪ್ಪೇ ಹಾಕಿರಲಿಲ್ಲ ಮಾರಾಯ. ನಾನು ಒಂದು ಚಿಟಿಕೆ ಹಾಕಿದೆ," ಎಂದರು ಆಂಟಿ.

ಆರುವ ಮೊದಲೇ ಉಪ್ಪು ಬಿದ್ದರೆ ಕಣಗಳು ಸಾಲು ಬಿಟ್ಟು, ಬಸ್ಸಿಗೆ ನುಗ್ಗುವವರಂತೆ ಒಂದರ ಮೇಲೊಂದು ಬೀಳುತ್ತವೆ. ಪದರ ಬರೀ ನೀಲಿಯಾಗಿತ್ತು. ಜೋಯ್‌ಸ್ಟನ್‌ಗೆ ಅಳುವೇ ಬಂತು. ಇನ್ನೊಂದನ್ನು ಮಾತ್ರ ಮುಟ್ಟಬೇಡಿ ಎಂದು ಕೈಮುಗಿದು, ಕೆಟ್ಟ ತಟ್ಟೆ ಹಿಡಿದು ಮಣಿಪಾಲದ ಬಸ್ಸು ಹತ್ತಿದ.

ಮೇಡಂ ತಟ್ಟೆಯನ್ನು ಎಡಕ್ಕೆ, ಬಲಕ್ಕೆ ಓರೆ ಮಾಡಿದರು. ಎಲ್ಲಿಂದ ನೋಡಿದರೂ ಅದೇ ನೀಲಿ. ಬಣ್ಣ ಹಾಕದೆಯೇ ಬಂದ, ಕದಲದ ಬಣ್ಣ. ಮೂರು ವರ್ಷದಿಂದ ಅವರು ಇದಕ್ಕಾಗಿಯೇ ತಪಸ್ಸು ಮಾಡುತ್ತಿದ್ದರು.

"ಸಾಲು ತಪ್ಪಿದ್ದೇ ಒಳ್ಳೆಯದಾಯಿತು, ಮಸಿ ಬಿದ್ದು ನೀಲಿ ಇನ್ನೂ ಎದ್ದು ಕಾಣುತ್ತಿದೆ. ಇನ್ನೊಂದು ಉಂಟಲ್ಲ, ಅದನ್ನೂ ಹೀಗೇ ಮಾಡಿ ಸಂಜೆ ತನ್ನಿ."

ಜೋಯ್‌ಸ್ಟನ್ ಕುಣಿಯುವುದೊಂದು ಬಾಕಿ. ಆಂಟಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಓಡೋಡಿ ಮನೆಗೆ ಬಂದು ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳುವಷ್ಟರಲ್ಲಿ ಆಂಟಿ ತುಟಿಗೆ ಬೆರಳಿಟ್ಟರು. ಜಗಲಿಯಲ್ಲಿ ಕಾವಲು ಕೂತಿದ್ದರು. ಗ್ರೈಂಡರ್ ನಿಲ್ಲಿಸಿದ್ದರು, ನಾಯಿಯನ್ನು ದೂರ ಕಟ್ಟಿದ್ದರು, ತಟ್ಟೆ ಅಲುಗಬಾರದೆಂದು ಫೋನನ್ನೂ ಆರಿಸಿದ್ದರು.

ಮೆಲ್ಲಗೆ ಮುಚ್ಚಳ ಎತ್ತಿದರು. ಪೂರ್ತಿ ಆರಿದ ಪದರ ಕಾಮನಬಿಲ್ಲಿನ ಎಲ್ಲ ಬಣ್ಣದಲ್ಲೂ ಹೊಳೆಯಿತು. ಒಂದು ಕಣವೂ ಸಾಲು ತಪ್ಪಿರಲಿಲ್ಲ; ಆರಿದ ಮೇಲೆ ಇನ್ನು ಉಪ್ಪು ಸುರಿದರೂ ತಪ್ಪುವಂತಿರಲಿಲ್ಲ.

"ಹೇಗುಂಟು? ನೀನು ಹೇಳಿದ ಹಾಗೆಯೇ, ಉಪ್ಪಿನ ಡಬ್ಬಿ ಈ ಕಡೆ ತರಲೇ ಇಲ್ಲ."

ಜೋಯ್‌ಸ್ಟನ್ ಆಂಟಿಯ ಅಂಗಳಕ್ಕೆ ಹೋಗಿ, ಹಸಿ ಹಪ್ಪಳವೊಂದನ್ನು ಮುರಿದು ಬಾಯಿಗೆ ಹಾಕಿಕೊಂಡ. ಅದರಲ್ಲಿ ಮಾತ್ರ ಉಪ್ಪು ಸರಿಯಾಗಿತ್ತು.