ಹೆಬ್ಬೆರಳಿಗೊಂದು ಜೇನಿನ ಪಟ್ಟಿ

ಮೈಸೂರಿನಲ್ಲಿ ಸಕ್ಕರೆ ಕಾಯಿಲೆಯವರಿಗೇನು ಬರವಿಲ್ಲ. ಆದರೆ ಸ್ವಂತ ಹೆಬ್ಬೆರಳಿಗಾಗಿ ಸ್ವತಃ ಸಂಶೋಧನೆಗೆ ಇಳಿದವರು ನನಗೆ ಗೊತ್ತಿದ್ದಂತೆ ಬೇರೆ ಯಾರೂ ಇಲ್ಲ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಹೊಸ ಚಪ್ಪಲಿ ಕಚ್ಚಿ ಕಾಲಿನ ಹೆಬ್ಬೆರಳಿಗೆ ಆದ ಗಾಯ ಅದು. ಎಷ್ಟು ದಿನವಾದರೂ ಒಣಗಲಿಲ್ಲ. ಇನ್ನೊಂದು ತಿಂಗಳು ನೋಡೋಣ, ಇಲ್ಲದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಅದೇ ವಾರ ಪೇಪರಿನಲ್ಲಿ ಓದಿದೆ: ಜೇನುಹುಳದ ವಿಷವನ್ನು ಡ್ರೆಸಿಂಗ್‌ಗೆ ಸೇರಿಸಿ ಕಟ್ಟಿದರೆ ಸಕ್ಕರೆ ಕಾಯಿಲೆಯ ಇಲಿಗಳ ಗಾಯ ಬೇಗ ಮಾಯುತ್ತದಂತೆ. ಇಲಿಗೆ ಆಗಿದ್ದು ನಿವೃತ್ತ ವಿಜ್ಞಾನದ ಮೇಷ್ಟರಿಗೆ ಆಗುವುದಿಲ್ಲವೇ?

"ಇಲಿಗಳಾದ್ರೂ ಹೇಳ್ದಂಗೆ ಕೇಳ್ತವೆ ಕಣ್ರೀ" ಎಂದಳು ಹೆಂಡತಿ ಗಿರಿಜೆ.

ಅವಳ ತಮ್ಮ ಕಡಕೊಳದಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದ. ಬ್ಯಾಂಡೇಜು ಸುರುಳಿ, ಕೊಡೆ ಹಿಡಿದು ನಜರ್‌ಬಾದಿನಿಂದ ಹೊರಟೆ. ಯೋಜನೆ ಸರಳ. ಪೆಟ್ಟಿಗೆಯ ಬಾಯಿಗೆ ಬ್ಯಾಂಡೇಜು ಹಿಡಿಯುವುದು, ಹುಳಗಳು ಅದಕ್ಕೆ ಕಚ್ಚುವುದು, ವಿಷ ಹೀರಿದ ಪಟ್ಟಿಯನ್ನು ನಾನು ಬೆರಳಿಗೆ ಸುತ್ತಿಕೊಳ್ಳುವುದು. ಇವು ಸಾಧು ತುಡುವೆ ಹುಳ, ಬಟ್ಟೆಗೆಲ್ಲ ಕಚ್ಚುವುದಿಲ್ಲ ಎಂದು ಭಾಮೈದ ಗೋಗರೆದ. ನಾನು ಕೇಳಲಿಲ್ಲ.

ಹುಳಗಳು ಬ್ಯಾಂಡೇಜಿನ ಮೇಲೆ ಮರ್ಯಾದೆಯಿಂದ ಓಡಾಡಿದವು. ಗದರಿದೆ. ನನ್ನ ಗದರಿಕೆಗೆ ಇಡೀ ಹೈಸ್ಕೂಲು ನಡುಗುತ್ತಿತ್ತು, ಇವು ನಡುಗಲಿಲ್ಲ. ಕೊನೆಗೆ ಕೊಡೆಯಿಂದ ಪೆಟ್ಟಿಗೆಗೆ ಒಂದು ಬಾರಿಸಿದೆ. ಆಮೇಲೆ ಕಚ್ಚಿದವು ನೋಡಿ! ಮೂಗು, ಕಿವಿ, ಎರಡೂ ತುಟಿ. ಬ್ಯಾಂಡೇಜಿಗೆ ಮಾತ್ರ ಒಂದೂ ಇಲ್ಲ!

ಭಾಮೈದ ಇಂಜೆಕ್ಷನ್ ಹಾಕಿಸಿ, ಆಟೋದಲ್ಲಿ ಕರೆತಂದು ಬಿಟ್ಟ. ಬಾಗಿಲು ತೆಗೆದ ಗಿರಿಜೆ ಯಾರು ಬೇಕಿತ್ತು ಎಂದು ಕೇಳಿದಳು. ಗುರುತು ಹತ್ತಿದ ಮೇಲೆ ಮೊದಲು ನಕ್ಕಳು, ಆಮೇಲೆ ಅತ್ತಳು.

"ಬೆರಳು ಹೋದ್ರೆ ಹೋಯ್ತದೆ, ಬುಡಿ. ನೀವಿದ್ರೆ ಸಾಕು ನಂಗೆ" ಎಂದಳು.

ನನಗೂ ಅಳು ಬಂತು. ಊದಿದ ಕಣ್ಣಿನಿಂದ ನೀರು ಹೊರಬರಲು ದಾರಿಯೇ ಇರಲಿಲ್ಲ.

ತುಟಿ ಇಳಿಯುವವರೆಗೆ ರಾಗಿ ಗಂಜಿಯೇ ಗತಿಯಾಯಿತು. ಇಳಿದ ಮೇಲೂ ಕಲೆ ಉಳಿದ ಆ ಮುಖ ಹೊತ್ತು ಬೀದಿಗೆ ಇಳಿಯಲು ನಾಚಿಕೆಯಾಗಿ, ಕಾಲು ಚಾಚಿ ಮನೆಯಲ್ಲೇ ಬಿದ್ದುಕೊಂಡೆ. ಗಿರಿಜೆ ದಿನಾ ಗಾಯ ತೊಳೆದು, ಡಾಕ್ಟರು ಹೇಳಿದಂತೆ ಪಟ್ಟಿ ಕಟ್ಟಿದಳು. ತಿಂಗಳ ಮೇಲೆ ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರೆ ಗಾಯ ಒಣಗಿತ್ತು! ಬೆರಳು ಉಳಿಯಿತು ಎಂದರು. ನಾನು ಎದೆಯುಬ್ಬಿಸಿ ಜೇನಿನ ವಿಷದ ಮಹಿಮೆಯನ್ನು ಒಂದು ಪೀರಿಯಡ್ಡಿನಷ್ಟು ವಿವರಿಸಿದೆ.

ಅವರು ಸಕ್ಕರೆಯ ರಿಪೋರ್ಟು ನೋಡಿ, ಇಷ್ಟು ಇಳಿದದ್ದು ಹೇಗೆ ಎಂದು ಕೇಳಿದರು. ಮಾತಿನ ಭರದಲ್ಲಿ ನನ್ನ ಸಂಜೆಯ ವಾಕಿಂಗ್ ನಿಂತದ್ದನ್ನೂ, ಆ ವಾಕಿಂಗ್ ದಿನಾ ಹೋಟೆಲಿನ ಬಾದುಷಾದಲ್ಲಿ ಮುಗಿಯುತ್ತಿದ್ದುದನ್ನೂ ಹೇಳಿಬಿಟ್ಟೆ. ಗಿರಿಜೆ ನನ್ನತ್ತ ನೋಡಿದಳು. ಜೇನುಹುಳಗಳೇ ವಾಸಿ ಎನ್ನಿಸಿತು.

"ಮೇಷ್ಟ್ರೇ, ನಿಮ್ಮ ಜೇನಿನ ವಿಷ ಕಾಲಿಗೆ ಏನೂ ಮಾಡಿಲ್ಲ" ಎಂದರು ಡಾಕ್ಟರು. "ಮಾಡಿದ್ದೆಲ್ಲ ನಿಮ್ಮ ಮನೆಯವರು."

ಬೆರಳನ್ನು ಇವತ್ತಿಗೂ ನೆಂಟರಿಷ್ಟರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇನೆ. ವೈದ್ಯಶಾಸ್ತ್ರಕ್ಕೆ ನನ್ನ ಕೊಡುಗೆಯೇನು ಎಂದು ಯಾರಾದರೂ ಕೇಳಿದರೆ ಉತ್ತರವೂ ಇದೆ: ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಬಿದ್ದಿದ್ದೆ.