ಕೇಳಿದ್ರ ಒಂದ ದಿನದಾಗ ಮುಗೀತಿತ್ತು

ಮೂವತ್ತು ವರ್ಷ ಮಾಸ್ತರಿಕಿ ಮಾಡಿದವಗ ಒಂದು ಚಟ ಹತ್ತತೈತಿ. ಏನ ಕಂಡ್ರೂ ಅದರಾಗೊಂದು ನೀತಿ ಹುಡುಕೂದು. ಸಿನಿಮಾ ನೋಡೂಮುಂದೂ ಬಿಡಂಗಿಲ್ಲ, ಬದನಿಕಾಯಿ ಆರಿಸೂಮುಂದೂ ಬಿಡಂಗಿಲ್ಲ. ಆ ನೀತಿ ತಿರುಗಿ ಬಂದು ನನಗ ಬಡದಿದ್ದ ಹೆಚ್ಚು.

ಸೀರಿಯಲ್ಲು

ನಮ್ಮ ಶಹರದ ಅಂಚಿನ ಗಚ್ಚಿಬೌಲ್ಯಾಗ ಗಾಜಿನ ಆಫೀಸು ಏಳಾಕತ್ತಿದ್ದ ಕಾಲ. ಅವನ್ನ ಕಟ್ಟಾಕ ಯಾದಗಿರಿ, ರಾಯಚೂರು ಕಡಿಂದ ಬಂದ ಮಂದಿಗೆ ವಾರಕ್ಕ ಎರಡು ಸಂಜಿ ಅವರ ತಗಡಿನ ಶೆಡ್ಡಿನಾಗ ಓದು-ಬರಹ ಕಲಿಸ್ತಿದ್ದೆ. ಏಳು ಹೊಡೀತಂದ್ರ ಹೆಣ್ಣುಮಕ್ಕಳೆಲ್ಲ ಎದ್ದು ನಿಂತಬಿಡ್ತಿದ್ರು. ಸೀರಿಯಲ್ ಟೈಮು!

"ಕತಿ ಏನು, ಹೇಳ್ರಿ ನೋಡೂಣು" ಅಂದೆ. ಗಂಡ ಯಾರೋ ಹೆಣ್ಣುಮಗಳ ಜೋಡಿ ಕಾರಿನಾಗ ಹೋಗಿದ್ದನ್ನ ನಾಯಕಿ ನೋಡ್ಯಾಳಂತ. ಆರು ತಿಂಗಳಿಂದ ಅಳಾಕತ್ತಾಳಂತ.

"ಆಕಿ ಯಾರು ಅಂತ ಗಂಡನ್ನ ಬಾಯಿಬಿಟ್ಟು ಕೇಳಿದ್ರ ಒಂದ ದಿನದಾಗ ಮುಗೀತಿತ್ತು! ಮನಸಿನಾಗ ಇಟ್ಕೊಂಡು ಕುಂದರಬಾರದು, ಕೇಳಬೇಕು. ಇವತ್ತಿನ ಪಾಠ ಇದ" ಅಂದೆ.

ಇಟ್ಟಂಗಿ ಹೊರೂ ಹೆಣ್ಣುಮಗಳೊಬ್ಬಾಕಿ ಸೆರಗು ಕೊಡವಿ, "ಒಂದ ದಿನದಾಗ ಮುಗದ್ರ ನಾವು ನಾಳಿ ಏನ ನೋಡೂದ್ರಿ ಸರ?" ಅಂದ್ಲು.

ಹೀರೋ

ಇನ್ನೊಂದು ದಿನ ಸಿನಿಮಾ ಹಿಡದೆ. "ಹೀರೋ ಒಬ್ಬನ ಇಪ್ಪತ್ತು ಮಂದಿನ್ನ ಹೊಡೀತಾನ. ಧೈರ್ಯ ಅಂದ್ರ ಹಂಗಿರಬೇಕು!"

ಗೌಂಡಿ ಒಬ್ಬಾಂವ ತಲಿ ಅಲ್ಲಾಡಿಸಿದ. "ಆ ಇಪ್ಪತ್ತು ಮಂದಿ ಭಾಳ ಒಳ್ಳೇವ್ರು ಬಿಡ್ರಿ ಸರ. ಪಾಳಿ ಹಚ್ಚಿ ಒಬ್ಬೊಬ್ಬರ ಬರ್ತಾರ. ನಮ್ಮ ಮೇಸ್ತ್ರಿ ಹಂಗಲ್ಲ, ಎಲ್ಲಾ ಕೆಲಸ ಒಮ್ಮೆಲೆ ಹೇಳ್ತಾನ."

ದಾರಿ

ಒಮ್ಮೆ ಬಸ್ಸಿಳಿದು ದಾರಿ ತಪ್ಪಿದೆ. ಹೋದವಾರ ಖಾಲಿ ಇದ್ದ ಜಾಗದಾಗ ಈ ವಾರ ಗ್ವಾಡಿ ಎದ್ದಿರ್ತಿತ್ತು. ಮಾಸ್ತರ ಆದಾಂವ ಮಂದಿನ್ನ ದಾರಿ ಕೇಳೂದಾ? ಬಿಸಲಾಗ ಸುತ್ತಿದ್ದ ಸುತ್ತಿದೆ. ಮೂರನೇ ಸುತ್ತಿಗೆ ಅದ ಇಟ್ಟಂಗಿ ಹೆಣ್ಣುಮಗಳು ಅಡ್ಡ ಬಂದ್ಲು.

"ಕೇಳಬೇಕು ಅಂತ ನೀವ ಹೇಳಿದ್ರೆಲ್ರಿ ಸರ!" ಅಂದು ನೀರು ಕೊಟ್ಲು. "ಈ ಕಡೆ ನಿಮ್ಮವರು ಯಾರೂ ಇಲ್ಲೇನ್ರಿ?"

"ತಮ್ಮ ಅದಾನವಾ, ಲಿಂಗಂಪಲ್ಲ್ಯಾಗ. ಐದು ವರ್ಷಾತು, ಮಾತಿಲ್ಲ. ಹೊಸ ಮನಿ ಗೃಹಪ್ರವೇಶಕ್ಕ ಬಂದು ಕರೀಲಿಲ್ಲ. ಸ್ವಂತ ಅಣ್ಣಗ ಪೋಸ್ಟಿನಾಗ ಬರೇ ಆಮಂತ್ರಣ ಪತ್ರ ಕಳಿಸಿದ."

"ಯಾಕ ಅಂತ ಕೇಳಿದ್ರೇನ್ರಿ?"

ನಾ ಮತ್ತೊಂದು ಗುಟುಕು ನೀರು ಕುಡದೆ.

"ಅಯ್ಯ! ಹಂಗಾರ ನಿಮ್ದೂ ಸೀರಿಯಲ್ಲ ಐತಲ್ರಿ!" ಅಂದ್ಲು.

ಚಾದರ

ಆ ಮಾತು ನಾಟಿಬಿಡ್ತು. ಒಂದ ತಾಟಿನಾಗ ಉಂಡು ಬೆಳೆದವರು ನಾವು. ಮರುದಿನ ಲೋಕಲ್ ಟ್ರೇನ್ ಹತ್ತಿ ಹೋಗಿ ತಮ್ಮನ ಬಾಗಿಲು ಬಡದೆ. ತೆಗೆದಾವನ ತಲಿ ಗುರುತು ಸಿಗಲಾರದಷ್ಟು ಬೆಳ್ಳಗಾಗಿತ್ತು.

"ಯಾಕೋ ಬಂದು ಕರೀಲಿಲ್ಲ?" ಅಂದೆ.

"ಅಣ್ಣಾ, ನಿಚ್ಚಣಿಕಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡಿದ್ದೆ. ಪತ್ರ ನೋಡಿ ನೀ ಓಡಿ ಬರ್ತಿ ಅಂತ ಪಟ್ಟಿ ಕಟಗೊಂಡು ಬಾಗಲದಾಗ ಕುಂತಿದ್ದೆ. ನೀ ಬರಲೇ ಇಲ್ಲ." ಅವನ ಕಣ್ಣಾಗ ನೀರು, ನನ್ನ ಕಣ್ಣಾಗೂ ನೀರು.

ಒಳಗ ಕರಕೊಂಡು ಹೋಗಿ ಮಂಚದ ಮ್ಯಾಲ ಕುಂದ್ರಿಸಿದ. ಕುಂತಾವ ಗಕ್ಕನ ಎದ್ದೆ. ಹಾಸಿದ ಚಾದರದ ಮ್ಯಾಲ ಹಸಿರು ನವಿಲು. ಅದ ನವಿಲು ನಮ್ಮ ಮನಿ ಮಂಚದ ಮ್ಯಾಲೂ ಐತಿ! ಪ್ರತಿ ವರ್ಷ ಜನವರ್ಯಾಗ ನನ್ನ ಹೆಂಡತಿ ನಾಂಪಲ್ಲಿ ಎಕ್ಸಿಬಿಷನ್ನಿಗೆ ಹೋಗಿ, ಜೋಡಿ ತಗೊಂಡ್ರ ಸಸ್ತಾ ಅಂತ ಚಾದರ ತರ್ತಾಳ. ಇನ್ನೊಂದು ಎಲ್ಲೈತಿ ಅಂತ ನಾ ಯಾವತ್ತೂ ಕೇಳಿರಲಿಲ್ಲ.

ತಮ್ಮನ ಹೆಂಡತಿ ಚಾ ತಂದ್ಲು. "ಚಾದರ ಅಕ್ಕಾರು ಆರಿಸಿದ್ದು, ಭಾವಾರ. ನಾವಿಬ್ಬರೂ ಪ್ರತಿ ವರ್ಷ ಎಕ್ಸಿಬಿಷನ್ನಿನಾಗ ಕೂಡ್ತೀವಿ" ಅಂದು ನಕ್ಕೋತ ಒಳಗ ಹೋದ್ಲು.

ಮನಿಗೆ ಬಂದಾವನ ಹೆಂಡತಿ ಮ್ಯಾಲ ಹರಿಹಾಯ್ದೆ. "ಐದು ವರ್ಷ! ಅವನ ಕಾಲು ಮುರದಿತ್ತು ಅಂತ ಒಂದು ಮಾತು ಹೇಳಬಾರದೇನು?"

ಆಕಿ ರೊಟ್ಟಿ ಬಡಿಯೂದು ನಿಲ್ಲಿಸಲೇ ಇಲ್ಲ. "ಅವರ ಹೆಸರು ಎತ್ತಿದ್ರ ಸಾಕು, ಉಣ್ಣೂದು ಬಿಟ್ಟು ಏಳ್ತಿದ್ರಿ. ನೀವು ಒಮ್ಮೆರ ಕೇಳಿದ್ರೇನ್ರಿ?"